ಹುಳುಮನೆಯ ಬೀಗ ತೆಗೆಸಿದ ಅಜ್ಜಿಗೆ

ಹೋದ ವಾರ ನಮ್ಮ ರೇಷ್ಮೆ ಗೂಡು ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಹರಾಜಾಯಿತು. ರೇಟು ಎಷ್ಟು ಸಿಕ್ಕಿತು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸಾಲವೆಲ್ಲ ತೀರುವಷ್ಟು ಸಿಗಲಿಲ್ಲ, ಮುಖ ಮುಚ್ಚಿಕೊಳ್ಳುವಷ್ಟು ಕಡಿಮೆಯೂ ಆಗಲಿಲ್ಲ. ನೂಲು ತೆಗೆಯುವ ರೀಲರ್ ಒಬ್ಬರು ಗೂಡಿನ ರಾಶಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, "ಗಟ್ಟಿ ಇದೆಯಮ್ಮಾ, ಯಾವ ಊರು?" ಅಂದರು. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ಮನೆಗೆ ಬರುವ ದಾರಿಯಲ್ಲೇ ಇದನ್ನು ಬರೆಯಬೇಕು ಅಂದುಕೊಂಡೆ.

ಹಿಂದಿನ ಬೆಳೆಗಳು ಹೋದ ಕಥೆ ನಿಮಗೆಲ್ಲ ಗೊತ್ತು. ಹೇಗೆ ಹೋಯ್ತು, ಎಷ್ಟು ಹೋಯ್ತು ಅಂತ ಮತ್ತೆ ಬರೆಯಲ್ಲ. ಅದಾದ ಮೇಲಿನ ಸಂಗತಿ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ರೇಷ್ಮೆ ಹುಳ ಸಾಕುವ ಹುಳುಮನೆಗೆ ಬೀಗ ಹಾಕಿದೆ. ಕೀಲಿ ಅಡುಗೆಮನೆಯ ಗೂಟದಲ್ಲೇ ನೇತಾಡುತ್ತಿತ್ತು. ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಹೆದರಿಕೆ ಅಂತ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಲೆಕ್ಕ ಹೇಳುತ್ತಿದ್ದೆ. ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪು ಮಾರಿದರೆ ಕೈಗೆ ಕಾಸು ಬರುತ್ತೆ, ಕೂಲಿ ಉಳಿಯುತ್ತೆ, ನಿದ್ದೆಗೆಡೋದು ತಪ್ಪುತ್ತೆ ಅಂತಿದ್ದೆ. ಬಿಸಿಲು ಇಳಿಯಲಿ ಅಂತಿದ್ದೆ. ಬಿಸಿಲು ಇಳಿದರೆ ಮಳೆ ನಿಲ್ಲಲಿ ಅಂತಿದ್ದೆ. ಕೇಳಿದವರು ಹೌದು ಹೌದು ಅಂತ ತಲೆಯಾಡಿಸುತ್ತಿದ್ದರು, ಯಾಕೆಂದರೆ ನನ್ನ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಹೊಟ್ಟೆ ತೊಳೆಸುತ್ತೆ ಅನ್ನೋದನ್ನು ಮಾತ್ರ ಯಾವ ಲೆಕ್ಕದಲ್ಲೂ ಸೇರಿಸಲಿಲ್ಲ.

ಹುಳ ಸಾಕಿ ಗೊತ್ತಿಲ್ಲದ ಬೆಂಗಳೂರಿನ ನೆಂಟರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅಂತೀವಿ. ಎರಡನೇ ಜ್ವರ ಎದ್ದ ಹುಳವನ್ನು, ಚಾಕಿ ಅಂದರೆ ಮರಿಹುಳ ಸಾಕಿ ಕೊಡುವ ಕೇಂದ್ರದಿಂದ ತರುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ನೋಡಬೇಕು. ತನ್ನ ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚನ್ನು ಆ ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ರಾತ್ರಿ ಬಾಗಿಲಲ್ಲಿ ನಿಂತರೆ ಒಳಗೆ ಸೋನೆ ಮಳೆ ಸುರಿದ ಹಾಗೆ ಸದ್ದು. ರೋಗ ಎದ್ದು ಕಾಣುವುದೂ ಹೆಚ್ಚಾಗಿ ಆ ದಿನಗಳಲ್ಲೇ. ತೋಟದ ಸೊಪ್ಪೆಲ್ಲ ಹಾಕಿ ಆಗಿರುತ್ತದೆ, ಕೂಲಿಯೆಲ್ಲ ಕೊಟ್ಟಾಗಿರುತ್ತದೆ, ಆಮೇಲೆ ಹುಳ ಕೈಕೊಡುತ್ತದೆ. ಒಂದು ಸಲ ಹಾಗಾದರೆ ತಡೆದುಕೊಳ್ಳಬಹುದು. ಮೇಲಿಂದ ಮೇಲೆ ಆದರೆ ಬಾಗಿಲು ಕಂಡರೇ ಕಾಲು ಹಿಂದೆ ಸರಿಯುತ್ತದೆ.

ಈಗ ಅಜ್ಜಿಯ ವಿಷಯ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯಲ್ಲ. ಸೊಪ್ಪು ಕುಯ್ಯಲು ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದವರು. ಹುಳುಮನೆ ಮುಚ್ಚಿದ ಮೇಲೆ ಅವರಿಗೆ ನಮ್ಮಲ್ಲಿ ಕೆಲಸ ಇರಲಿಲ್ಲ. ಆದರೂ ಬಂದು ಜಗಲಿ ಮೇಲೆ ಕೂರುತ್ತಿದ್ದರು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅವರ ಮಾತು ಅರ್ಧ ತೆಲುಗು, ನಮ್ಮ ಕಡೆ ಎಲ್ಲರದ್ದೂ ಹಾಗೇ ಅಲ್ವಾ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ಕೇಳಿದರೆ ಇನ್ನೂ ಚೆನ್ನಾಗಿರುತ್ತದೆ.

ಒಂದು ದಿನ, "ಕೀಲಿ ಕೊಡಮ್ಮಾ, ಒಳಗೆ ಕಸ ಗುಡಿಸ್ತೀನಿ" ಅಂದರು. ಗುಡಿಸುವುದಕ್ಕೆ ತಾನೇ ಅಂತ ಕೊಟ್ಟೆ. ಆಮೇಲೆ ನೀರು ಹೊತ್ತು ಕೊಡು ಅಂದರು. ಆಮೇಲೆ ಗೋಡೆಗೆ ಸುಣ್ಣ ಹೊಡೆಯೋಣ, ಒಂದು ಕೈ ಹಿಡಿ ಅಂದರು. ಕಿಟಕಿಯ ಪರದೆ ಹರಿದಿದೆ, ದಾರ ಪೋಣಿಸಿಕೊಡು, ನನಗೆ ಕಣ್ಣು ಕಾಣಲ್ಲ ಅಂದರು. ಹುಳ ಸಾಕು ಅಂತ ಒಂದೇ ಒಂದು ಸಲವೂ ಅನ್ನಲಿಲ್ಲ. ಪರದೆ ಹೊಲಿಯುತ್ತಾ ಊಜಿ ನೊಣದ ಕಥೆ ಹೇಳಿದರು. ಬಂಗಾಳದ ಕಡೆಯಿಂದ ಆ ನೊಣ ನಮ್ಮ ರಾಜ್ಯಕ್ಕೆ ಬಂದದ್ದು 1980ರಲ್ಲಿ. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಗ ಅಜ್ಜಿ ಹೊಸದಾಗಿ ಮದುವೆಯಾಗಿ ಬಂದಿದ್ದರಂತೆ. "ಇನ್ನು ಈ ಸೀಮೇಲಿ ರೇಷ್ಮೆ ಇಲ್ಲ ಅಂದ್ರು ಎಲ್ಲಾರು. ಕಿಟಕಿಗೆ ಪರದೆ ಕಟ್ಟಿದ್ವಿ. ಅಷ್ಟೇ ಮಾಡಿದ್ದು" ಅಂದರು.

ಚಾಕಿ ತರಬೇಕು ಅಂತ ಕೊನೆಗೆ ಬಾಯಿಬಿಟ್ಟು ಹೇಳಿದ್ದು ನಾನೇ. ಹೇಳಿದ ರಾತ್ರಿ ನಿದ್ದೆ ಬರಲಿಲ್ಲ ಅನ್ನೋದು ಬೇರೆ ಮಾತು.

ಅಜ್ಜಿಗೆ ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, ಅಂದರೆ ಪ್ರಾಣ. ತಾತಯ್ಯನವರ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬಳೆ ಮಾರುತ್ತಿದ್ದವರು. ಗುರುಗಳು ಒಂದು ಕಲ್ಲು ಕೊಟ್ಟು, ಬಾಯಲ್ಲಿಟ್ಟುಕೊಂಡು ಜಪ ಮಾಡು, ಅದು ಕಲ್ಲುಸಕ್ಕರೆ ಆಗುವ ತನಕ ಬಿಡಬೇಡ ಅಂದರಂತೆ. ಅವರು ಬಿಡಲಿಲ್ಲ, ಕಲ್ಲು ಸಕ್ಕರೆ ಆಯಿತು. ನನಗೆ ಇಂಥ ಕಥೆಗಳಲ್ಲಿ ಆಗ ಮನಸ್ಸಿರಲಿಲ್ಲ. ದೇವರ ಮುಂದೆ ದೀಪ ಹಚ್ಚುತ್ತಿದ್ದೆ, ಕೈ ಮುಗಿಯುತ್ತಿದ್ದೆ, ಏನು ಕೇಳಬೇಕು ಅನ್ನೋದೇ ತೋಚುತ್ತಿರಲಿಲ್ಲ. "ಕಲ್ಲು ಎಲ್ಲಾದರೂ ಸಕ್ಕರೆ ಆಗುತ್ತಾ ಅಜ್ಜಿ?" ಅಂದೆ. ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. "ಆಗದೇ ಇದ್ರೂ ಅಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ರಲ್ಲಮ್ಮಾ. ನೀನೂ ಬಾಯಿ ಮುಚ್ಕೊಂಡು ಸೊಪ್ಪು ಹಾಕು" ಅಂದರು.

ಆ ಗಾಳಿಮಳೆ ರಾತ್ರಿಯ ವಿಷಯ ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಬರೆಯದಿದ್ದರೆ ಈ ಕೃತಜ್ಞತೆಗೆ ಅರ್ಥವೇ ಇಲ್ಲ.

ಹುಳ ಹಣ್ಣಾಗಲು, ಅಂದರೆ ಗೂಡು ಕಟ್ಟಲು ತಯಾರಾಗಲು, ಎರಡು ಮೂರು ದಿನ ಬಾಕಿ ಇತ್ತು. ಸಂಜೆಯೇ ಕರೆಂಟು ಹೋಯಿತು. ಮನೆಯವರು ಊರಲ್ಲಿರಲಿಲ್ಲ, ಅಜ್ಜಿ ಜೊತೆಗಿದ್ದರು. ಹುಳ ಸಾಕುವ ಸ್ಟ್ಯಾಂಡಿನ ಅಂಚಿನಲ್ಲಿ ಒಂದು ಹುಳ ಸೊಪ್ಪು ಬಿಟ್ಟು ಸುಮ್ಮನೆ ಓಡಾಡುತ್ತಿತ್ತು. ಮೈ ಊದಿತ್ತು, ಚರ್ಮ ಮಿರಿಮಿರಿ ಅನ್ನುತ್ತಿತ್ತು. ಮುಟ್ಟಿದೆ. ಒಡೆದು ಹಾಲಿನಂಥ ನೀರು ಬೆರಳಿಗೆ ಬಂತು. ಹಾಲುಹುಳ! ಈ ರೋಗ ಬಂದ ಹುಳಕ್ಕೆ ನಾವು ಹಾಗೇ ಅನ್ನೋದು. ಟಾರ್ಚು ಹಿಡಿದು ನೋಡಿದರೆ ಅಲ್ಲೊಂದು, ಇಲ್ಲೊಂದು. ನಾನು ಹೊರಗೆ ಬಂದು ಮಳೆಯಲ್ಲೇ ಕೂತುಬಿಟ್ಟೆ. "ಎಲ್ಲಾ ಎತ್ತಿ ಗುಂಡಿಗೆ ಹಾಕಿಬಿಡೋಣ ಅಜ್ಜಿ, ಅದಾಗಿ ಸಾಯೋದು ನೋಡಕ್ಕೆ ನನ್ನ ಕೈಲಾಗಲ್ಲ" ಅಂದೆ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಬೆಳೆ ಉಳಿಯಲಿ ಅಂತಲೂ ನನಗೆ ಅನ್ನಿಸುತ್ತಿರಲಿಲ್ಲ. ಎಲ್ಲ ಮುಗಿದರೆ ಸಾಕು ಅನ್ನಿಸುತ್ತಿತ್ತು. ಎಲ್ಲ ಅಂದರೆ ಏನೇನು ಅನ್ನೋದನ್ನು ಇಲ್ಲಿ ಬಿಡಿಸಿ ಬರೆಯಲಾರೆ. ನಾನು ಬಾಯಿಬಿಟ್ಟು ಹೇಳದಿದ್ದರೂ ಅಜ್ಜಿಗೆ ಗೊತ್ತಾಗಿತ್ತು. ಔಷಧಿ ಡಬ್ಬಗಳಿದ್ದ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಾನು ಅದನ್ನು ನೋಡಿದ್ದು ಬೆಳಕು ಹರಿದ ಮೇಲೆ. ಈಗ ಚೆನ್ನಾಗಿದ್ದೇನೆ. ಓದಿ ಯಾರೂ ಗಾಬರಿಯಾಗಬೇಡಿ, ಫೋನ್ ಮಾಡಿ ಅಳಬೇಡಿ.

ಅವರು ನನಗೆ ಸಮಾಧಾನ ಹೇಳಲಿಲ್ಲ. ಒಂದು ಬೋಗುಣಿಯಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಕಲಸಿದ ನೀರು ತಂದು ನನ್ನ ಮುಂದೆ ಇಟ್ಟರು. "ಕೆಟ್ಟ ಹುಳ ಆರಿಸಿ ಇದರಲ್ಲಿ ಹಾಕು. ಒಡೀಬಾರದು" ಅಂದರು. ಅಷ್ಟೇ. ಗಾಳಿ ಬೀಸದ ಕಡೆಯ ಕಿಟಕಿಗಳನ್ನು ತೆಗೆದರು. ತೇವ ಹೀರಲಿ ಅಂತ ಹುಳದ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿದರು. ಸೊಪ್ಪು ನೆನೆದಿತ್ತು, ಒದ್ದೆ ಸೊಪ್ಪು ಹಾಕುವ ಹಾಗಿಲ್ಲ. ನನ್ನ ಹಳೆ ಸೀರೆಗಳನ್ನೆಲ್ಲ ನಡುಮನೆಯಲ್ಲಿ ಹಾಸಿ, ಕಡ್ಡಿ ಕಡ್ಡಿಯಾಗಿ ಹರಡಿ ಒರೆಸಿದರು. ನಾನು ಒಂದೊಂದೇ ಸ್ಟ್ಯಾಂಡು ನೋಡುತ್ತಾ ಹೋದೆ. ಕೈ ನಡುಗುತ್ತಲೇ ಇತ್ತು. ಹೆದರಿಕೆ ಹೋಗಲಿಲ್ಲ, ಬೆಳಗಿನ ತನಕ ನನ್ನ ಜೊತೆಯೇ ಇತ್ತು. ಆದರೆ ಕೈ ಕೆಲಸ ಮಾಡುತ್ತಿತ್ತು.

ನಡುರಾತ್ರಿ ಅವರು ತಾತಯ್ಯನವರ ಹೆಸರು ಹೇಳುತ್ತಿದ್ದದ್ದು ಕೇಳಿಸಿತು. ಏನು ಬೇಡಿಕೊಂಡ್ರಿ, ಬೆಳೆ ಉಳಿಸು ಅಂತಾನಾ ಅಂತ ಕೇಳಿದೆ. "ನಿದ್ದೆ ಬರದಂಗೆ ನೋಡ್ಕೋ ಸ್ವಾಮಿ ಅಂದೆ. ಬೆಳೆ ವಿಷ್ಯ ಅವರಿಗೆ ಗೊತ್ತಿಲ್ವಾ" ಅಂದರು. ನನಗೂ ಕೇಳಲು ಏನೋ ಒಂದು ಸಿಕ್ಕಿತು. ಅವತ್ತಿನಿಂದ ನಾನೂ ಅಷ್ಟನ್ನೇ ಕೇಳುತ್ತೇನೆ.

ಬೆಳಿಗ್ಗೆ ಬೋಗುಣಿಯಲ್ಲಿದ್ದ ಹುಳ ನೋಡಿದರೆ ನಾನು ಹೆದರಿದ್ದಷ್ಟು ಇರಲಿಲ್ಲ. ಉಳಿದವು ಸೊಪ್ಪಿಗೆ ಬಾಯಿ ಹಾಕಿದವು. ಹಣ್ಣಾದವು, ಗೂಡು ಕಟ್ಟುವ ಚಂದ್ರಿಕೆ ಹತ್ತಿದವು. ರಾತ್ರಿಯ ಕೂಲಿ ಅಂತ ದುಡ್ಡು ಕೊಡಲು ಹೋದರೆ ಅಜ್ಜಿ ಬೈದರು. ಗೂಡು ಮಾರಿದ ದಿನ ಒಂದು ಸೀರೆ ಕೊಟ್ಟೆ. ಬಣ್ಣ ಸರಿ ಇಲ್ಲ ಅಂತ ಬದಲಾಯಿಸಿಕೊಂಡು ಬರಲು ಹೇಳಿದ್ದಾರೆ. ಹೋಗಬೇಕು.

ಇನ್ನುಳಿದವರಿಗೂ ಋಣಿ: ನನ್ನ ಕಂತು ಕಟ್ಟಿ ಒಂದು ಮಾತೂ ಆಡದ ಸಂಘದ ಹೆಣ್ಣುಮಕ್ಕಳು, ಕರೆದಾಗೆಲ್ಲ ಬೈಕಿನಲ್ಲಿ ಬಂದ ಮೈದುನ, ಒಳ್ಳೆ ಚಾಕಿ ಕೊಟ್ಟವರು, ಹುಳ ನೋಡಿಹೋದ ರೇಷ್ಮೆ ಇಲಾಖೆಯವರು, ಬಾಡಿಗೆಗೆ ಕಾದ ಟೆಂಪೋದವರು, ಮತ್ತೆ ಗೊಣಗಿದರೂ ಬೆಳಗಿನ ಜಾವ ಸೊಪ್ಪಿನ ಕಡ್ಡಿ ಹೊತ್ತ ನಮ್ಮ ಯಜಮಾನರು.

ಮುಂದಿನ ಬೆಳೆಗೆ ಚಾಕಿ ಹೇಳಿದ್ದೇನೆ. ಅದು ಬರುವುದರೊಳಗೆ, ಈ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಪಾಯಸ. ಎಲ್ಲರೂ ಬನ್ನಿ. ಹುಳುಮನೆ ನೋಡಬೇಕು ಅನ್ನುವವರು ಕಾಲು ತೊಳೆದು ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಬಾಗಿಲಲ್ಲಿ ಅಜ್ಜಿ ಇರುತ್ತಾರೆ, ಯಾರ ಮಾತೂ ನಡೆಯಲ್ಲ.