ಫ್ಯಾಕ್ಟರಿ ಬಂದರೆ ಬರಲಿ, ಡೈರಿ ಬಿಡಬೇಡ

ಹ್ಯಾಮಿಲ್ಟನ್, ನ್ಯೂಜಿಲೆಂಡ್

ಪ್ರೀತಿಯ ತಮ್ಮಾ,

ಅಮ್ಮನ ಮಂಡಿ ನೋವು ಹೇಗಿದೆ? ಮೊನ್ನೆ ಫೋನಿನಲ್ಲಿ ನಿನ್ನ ಹುರುಪು ನೋಡಿ ಏನೂ ಹೇಳಲಿಲ್ಲ. ಅಪ್ಪನೂ ಓದಲಿ ಅಂತ ಕಾಗದ ಬರೆಯುತ್ತಿದ್ದೇನೆ.

ಕೋಲಾರದ ವೇಮಗಲ್ ಕಡೆ ಫಾರಿನ್ ಕಂಪನಿಯ ಹಾಲಿನ ಫ್ಯಾಕ್ಟರಿ ಬರುತ್ತಂತೆ, ಊರಿಗೆಲ್ಲ ಕೆಲಸ ಸಿಗುತ್ತಂತೆ ಅಂದೆ. ನಾನಿರುವುದೂ ಪೌಡರ್ ಫ್ಯಾಕ್ಟರಿಯಲ್ಲೇ ಅಲ್ವಾ, ಕೇಳು. ಟ್ಯಾಂಕರಿನಿಂದ ಪೈಪಿಗೆ ಇಳಿದ ಮೇಲೆ ಹಾಲನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಕಾಯಿಸಿ ಗಟ್ಟಿ ಮಾಡಿ, ಬಿಸಿ ಗಾಳಿಯ ಗೋಪುರದೊಳಗೆ ಮಂಜಿನ ಹಾಗೆ ಸಿಡಿಸುತ್ತಾರೆ. ಕೆಳಗೆ ಬೀಳುವಷ್ಟರಲ್ಲಿ ಪುಡಿ! ರಾತ್ರಿ ಪಾಳಿಯಲ್ಲಿ ಇಷ್ಟನ್ನೂ ನೋಡಿಕೊಳ್ಳಲು ನಾವು ಬೆರಳೆಣಿಕೆ ಜನ. ಬಾಯ್ಲರ್, ಕೂಲಿಂಗ್, ಲ್ಯಾಬ್ ಗೊತ್ತಿದ್ದವರಿಗೆ ಒಳ್ಳೆ ಸಂಬಳ. ಮಿಕ್ಕವರಿಗೆ ಲೋಡಿಂಗು, ಅದೂ ಕಾಂಟ್ರ್ಯಾಕ್ಟು. ಪುಟ್ಟಿ ಪಿಯುಸಿ ಸೈನ್ಸ್ ತಾನೇ? ಹೆಬ್ಬಾಳದ ಡೈರಿ ಸೈನ್ಸ್ ಕಾಲೇಜಿನಲ್ಲಿ ಸೀಟು ವಿಚಾರಿಸು.

ನಮ್ಮಂಥವರಿಗೆ ದುಡ್ಡು ಬಂದರೆ ಹಾಲು ಮಾರಿಯೇ ಬರಬೇಕು. ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿಯವರು 1961ರಲ್ಲಿ ಪಂಜಾಬಿನ ಮೋಗಾದಲ್ಲಿ ಫ್ಯಾಕ್ಟರಿ ಶುರು ಮಾಡಿ ಸುತ್ತಲ ಹಳ್ಳಿಗಳ ಹಾಲು ಕೊಂಡರು. ಅಲ್ಲಿನವರು ಅದರಿಂದ ಚೇತರಿಸಿಕೊಂಡರು, ಸುಳ್ಳಲ್ಲ. ಆದರೆ ಫ್ರಾನ್ಸಿನ ಡ್ಯಾನೋನ್ 2018ರಲ್ಲಿ ಇಂಡಿಯಾದಲ್ಲಿ ಹಾಲು ಮೊಸರಿನ ವ್ಯಾಪಾರ ಸಾಕು ಅಂತ ಹರಿಯಾಣದ ಫ್ಯಾಕ್ಟರಿ ಮುಚ್ಚಿತು. ಕಂಪನಿ ಲೆಕ್ಕ ಮುಗಿಸಿ ಹೋಗಬಹುದು. ಹಸು ಮಾರನೇ ದಿನವೂ ಬೆಳಿಗ್ಗೆ ಐದಕ್ಕೆ ಕೆಚ್ಚಲು ತುಂಬಿಕೊಂಡು ನಿಂತಿರುತ್ತದೆ.

ಅವರ ಏಜೆಂಟ್ ಮನೆಗೆ ಬಂದರೆ ಸುಮ್ನೆ ಕಾಫಿ ಕೊಟ್ಟು ಕೇಳು: ಹಾಲು ಜಾಸ್ತಿಯಾದಾಗಲೂ ಪೂರ್ತಿ ಕೊಳ್ಳುತ್ತೀರಾ? ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ನಮ್ಮೆದುರೇ ನೋಡುತ್ತೀರಾ? ಫ್ಯಾಕ್ಟರಿ ತೊಳೆಯಲು ನೀರು ಯಾವ ಬೋರಿನದು? ನಮ್ಮೂರ ಸಹಕಾರ ಸಂಘದ ಡೈರಿಗೆ ಹಾಕಿದರೆ ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸಿಗುತ್ತದೆ, ಖಾಸಗಿಯವರಿಗೆ ಹಾಕಿದರೆ ಅದಿಲ್ಲ. ಬೇಕಿದ್ದರೆ ಒಂದು ಹೊತ್ತಿನ ಹಾಲು ಅವರಿಗೆ ಕೊಟ್ಟು ನೋಡೋಣ ಅಂತೀಯೇನೋ. ಬೇಡ ಮಾರಾಯ, ಡೈರಿ ಸದಸ್ಯತ್ವಕ್ಕೆ ತೊಂದರೆ ಮಾಡಿಕೊಳ್ಳಬೇಡ.

ಅಪ್ಪನಿಗೆ ಇದೊಂದು ಹೇಳು, ನಗುತ್ತಾರೆ. ಇಲ್ಲಿನ ದೊಡ್ಡ ಕಂಪನಿ ಫಾಂಟೆರಾ ರೈತರದೇ ಸಹಕಾರ ಸಂಘ. ನೀವೆಲ್ಲ ಬಾಯಿ ಬಿಟ್ಟು ನೋಡುವ ಫಾರಿನ್ನಿನಲ್ಲೂ ಅದೇ ಡೈರಿ!

ಜೂನ್‌ನಲ್ಲಿ ಇಲ್ಲಿ ಚಳಿಗಾಲ, ಹಸುಗಳಿಗೆಲ್ಲ ಒಟ್ಟಿಗೆ ಹಾಲು ಬತ್ತಿಸುತ್ತಾರೆ, ನಮಗೆ ಕೆಲಸ ಕಡಿಮೆ. ಆಗ ಬರುತ್ತೇನೆ. ಶ್ರೀನಿವಾಸಪುರದ ಮಾವು ಎರಡು ಬುಟ್ಟಿ ತೆಗೆದಿಟ್ಟಿರು.

ನಿನ್ನ
ಅಕ್ಕ