ಮೊದಲ ಸೂಪರ್ ಕಪ್ ನಮ್ಮೂರಿಗೆ ಬಂತು, ಒಂದಷ್ಟು ಜನರಿಗೆ ಥ್ಯಾಂಕ್ಸ್ ಹೇಳಬೇಕು

ಗಂಟಲು ಪೂರ್ತಿ ಕೂತುಹೋಗಿದೆ, ಫೋನಲ್ಲಿ ಮಾತಾಡಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 2018ರ ಏಪ್ರಿಲ್ 20ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಮೊಟ್ಟಮೊದಲ ಸೂಪರ್ ಕಪ್ ಗೆದ್ದಿತು. ಸ್ಕೋರು ಎಲ್ಲರಿಗೂ ಗೊತ್ತೇ ಇದೆ ಬಿಡಿ. ನನಗೆ ಥ್ಯಾಂಕ್ಸ್ ಹೇಳಬೇಕಿದೆ, ಅದೂ ಒಬ್ಬಿಬ್ಬರಿಗಲ್ಲ.

ಮೊದಲು ಆಟಗಾರರಿಗೆ. ಕಪ್ ಗೆದ್ದಿದ್ದಕ್ಕಿಂತ ಜಾಸ್ತಿ, ಮಾರ್ಚ್ 17 ಆದ ಮೇಲೂ ಹೀಗೆ ಆಡಿದ್ದಕ್ಕೆ.

ಆ ದಿನ ನಮ್ಮ ಕಂಠೀರವ ಸ್ಟೇಡಿಯಂನಲ್ಲಿದ್ದವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಕಾಲಿಟ್ಟ ಮೊದಲ ವರ್ಷವೇ 18 ಪಂದ್ಯಗಳಿಂದ 40 ಅಂಕ, ಪಟ್ಟಿಯಲ್ಲಿ ಮೊದಲ ಸ್ಥಾನ, ಫೈನಲ್ ನಮ್ಮ ಮನೆಯಲ್ಲೇ. ಒಂಬತ್ತನೇ ನಿಮಿಷದಲ್ಲಿ ಉದಾಂತ ಬಲಗಡೆಯಿಂದ ಚೆಂಡು ಒಳಗೆ ಹಾಕಿದರು, ನಾಯಕ ಸುನಿಲ್ ಚೆಟ್ರಿ ಹಾರಿ ತಲೆ ಕೊಟ್ಟರು, ಗೋಲು. ಇನ್ನೇನು ಕಪ್ ನಮ್ಮದೇ ಅಂದುಕೊಂಡೆವು. ಆಮೇಲೆ ಎದುರಾಳಿ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಬಂದ ಚೆಂಡಿಗೆ ಎರಡು ಸಲ ತಲೆ ಕೊಟ್ಟರು, ಎರಡು ಸಲವೂ ಗೋಲು. ಕೊನೆಗೆ 3-2, ಕಪ್ ಪಕ್ಕದ ಊರಿಗೆ ಹೋಯಿತು. ಆ ರಾತ್ರಿ ಸ್ಟೇಡಿಯಂ ಹೊರಗೆ ಕಸ್ತೂರಬಾ ರಸ್ತೆಯಲ್ಲಿ ನೀಲಿ ಜೆರ್ಸಿ ಹಾಕಿಕೊಂಡು ಆಟೋಗೆ ಕೈ ಮಾಡುತ್ತಿದ್ದವರ ಮುಖ ನೋಡಬೇಕಿತ್ತು. ಒಬ್ಬ ಆಟೋದವರು "ಏನ್ ಸಾರ್, ಸೋತ್ರಾ?" ಅಂತ ಕೇಳಿ, ಉತ್ತರ ಬರದಿದ್ದಕ್ಕೆ ಮೀಟರ್ ಮೇಲೆ ಏನನ್ನೂ ಕೇಳದೆ ಮನೆಗೆ ಬಿಟ್ಟರು. ಅವರಿಗೂ ಒಂದು ಥ್ಯಾಂಕ್ಸ್, ಈ ಊರಿನಲ್ಲಿ ಅದೇನು ಸಣ್ಣ ವಿಷಯವಲ್ಲ.

ಅಂಥ ಸೋಲಿನ ನಂತರ ಸೂಪರ್ ಕಪ್ ಅಂದಾಗ, ನಿಜ ಹೇಳಬೇಕೆಂದರೆ, ನಮ್ಮಲ್ಲೇ ಎಷ್ಟೋ ಜನ ಮೂಗು ಮುರಿದರು. ಹೊಸ ಟೂರ್ನಿ, ಸುಡುವ ಬೇಸಿಗೆ, ಸೀಸನ್ನಿನ ಕೊನೆ, ಸಾಲದ್ದಕ್ಕೆ ಅದೇ ಹೊತ್ತಿಗೆ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಪಂದ್ಯಗಳು ಬೇರೆ. ಆದರೆ ನನಗೆ ಈ ಟೂರ್ನಿಯ ಲೆಕ್ಕಾಚಾರ ಮೊದಲಿನಿಂದಲೂ ಹಿಡಿಸಿತ್ತು. ಐಎಸ್‌ಎಲ್‌ನ ಮೊದಲ ಆರು ತಂಡ, ದೇಶದ ಇನ್ನೊಂದು ಲೀಗ್ ಆದ ಐ-ಲೀಗ್‌ನ ಮೊದಲ ಆರು ತಂಡ, ಉಳಿದವರಲ್ಲಿ ಅರ್ಹತಾ ಪಂದ್ಯ ಆಡಿ ಗೆದ್ದ ನಾಲ್ವರು, ಒಟ್ಟು ಹದಿನಾರು. ಸೋತರೆ ಮನೆಗೆ. ವರ್ಷವಿಡೀ ಎರಡು ಲೀಗ್‌ನವರು ಪರಸ್ಪರ ಮುಖ ನೋಡದೆ "ನಾವೇ ದೊಡ್ಡವರು" ಅಂತ ಜಗಳ ಆಡುತ್ತಿದ್ದೆವಲ್ಲ, ಅದು ಮೈದಾನದಲ್ಲೇ ತೀರ್ಮಾನವಾಗಲಿ. ನಾವು ಎರಡು ಸಲ ಐ-ಲೀಗ್ ಗೆದ್ದು ಆಮೇಲೆ ಐಎಸ್‌ಎಲ್‌ಗೆ ಹೋದವರು, ಎರಡೂ ಕಡೆಯ ಬೈಗುಳ ತಿಂದವರು. ಈ ಕಪ್ ನಮಗೆ ಬೇಕೇ ಬೇಕಿತ್ತು.

ಸುಲಭಕ್ಕೇನೂ ಸಿಗಲಿಲ್ಲ. ಗೋಕುಲಂ ಕೇರಳ ಮೊದಲ ಪಂದ್ಯದಲ್ಲೇ ನಮ್ಮ ಬೆವರಿಳಿಸಿತು, ಉದಾಂತ ಕೊನೇ ಗಳಿಗೆಯಲ್ಲಿ ಗೋಲು ಹೊಡೆಯದಿದ್ದರೆ ಕಥೆ ಬೇರೆಯೇ ಇತ್ತು. ನೆರೋಕಾ ವಿರುದ್ಧ ಚೆಟ್ರಿ ಹ್ಯಾಟ್ರಿಕ್. ಸರಿ, ಅದನ್ನು ಬಿಡೋಣ, ಚೆಟ್ರಿ ಗೋಲು ಹೊಡೆಯುವುದು ಈಗ ಸುದ್ದಿಯೇ ಅಲ್ಲ ಅಲ್ವಾ!

ನಾನು ಸಾಯೋವರೆಗೂ ಮರೆಯದ ಪಂದ್ಯ ಸೆಮಿಫೈನಲ್. ಎದುರಿಗೆ ಮೋಹನ್ ಬಾಗಾನ್. ಅವರ ಡಿಕಾ ಗೋಲು ಹೊಡೆದು 1-0. ವಿರಾಮ ಮುಗಿಸಿ ಬಂದು ಐದು ನಿಮಿಷ ಆಗಿತ್ತೋ ಇಲ್ಲವೋ, ನಮ್ಮ ನಿಶು ಕುಮಾರ್‌ಗೆ ಕೆಂಪು ಕಾರ್ಡ್. ಹತ್ತೇ ಜನ, ಒಂದು ಗೋಲು ಹಿಂದೆ, ಮೇಲೆ ಒಡಿಶಾದ ಸೆಕೆ. ನಮ್ಮ ಸಾಲಿನಲ್ಲಿ ಒಬ್ಬ ಹುಡುಗ ಡ್ರಮ್ ಕೆಳಗಿಟ್ಟು ನೀರಿನ ಬಾಟಲಿ ಹುಡುಕಲು ಶುರು ಮಾಡಿದ. ಪಕ್ಕದಲ್ಲಿದ್ದ ಅವನ ಅಕ್ಕ "ಬಡಿಯೋ ಸುಮ್ನೆ, ಇನ್ನೂ ಟೈಮಿದೆ" ಅಂತ ಗದರಿದಳು. ಅವನು ಬಡಿದ. ಮೂರು ನಿಮಿಷದ ಅಂತರದಲ್ಲಿ ನಮ್ಮ ಮಿಕು ಎರಡು ಗೋಲು ಹೊಡೆದರು. ಆಮೇಲೆ ಪೆನಾಲ್ಟಿಯಲ್ಲಿ ಮೂರನೆಯದು, ಅದರ ಬೆನ್ನಿಗೇ ಚೆಟ್ರಿಯದು. ಡಿಕಾ ಇನ್ನೊಂದು ಹೊಡೆದರೂ ಪ್ರಯೋಜನವಾಗಲಿಲ್ಲ, 4-2. ಹತ್ತು ಜನ ಹನ್ನೊಂದು ಜನರನ್ನು ಓಡಿಸಿ ಓಡಿಸಿ ಸುಸ್ತು ಮಾಡಿದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮಿಕು, ನಿಮಗೆ ಕನ್ನಡ ಬರದಿದ್ದರೂ ಪರವಾಗಿಲ್ಲ, ಯಾರಾದರೂ ಓದಿ ಹೇಳಲಿ: ತುಂಬಾ ಥ್ಯಾಂಕ್ಸ್ ಗುರೂ.

ಫೈನಲ್ಲಿನಲ್ಲಿ ಕ್ರೋಮಾ ಬೈಸಿಕಲ್ ಕಿಕ್ ಹೊಡೆದು ಈಸ್ಟ್ ಬೆಂಗಾಲ್‌ಗೆ ಮುನ್ನಡೆ ಕೊಟ್ಟಾಗ ಮತ್ತೆ ಎದೆ ಧಸಕ್ಕೆಂದಿತು. ಗೋಲು ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು. ಆದರೆ ಸಮ ಮಾಡಿದ್ದು ನೋಡಿ, ವಿಕ್ಟರ್ ಪೆರೆಜ್ ಕಾರ್ನರ್, ರಾಹುಲ್ ಭೆಕೆ ಹೆಡರ್. ಮಾರ್ಚ್‌ನಲ್ಲಿ ಯಾವುದರಿಂದ ಹೊಡೆತ ತಿಂದೆವೋ ಅದರಿಂದಲೇ ಈ ಸಲ ಹೊಡೆದೆವು. ನನಗೆ ಕಪ್ ಎತ್ತಿದ್ದಕ್ಕಿಂತ ಆ ಗೋಲಿಗೇ ಜಾಸ್ತಿ ಖುಷಿಯಾಯಿತು. ವಿರಾಮಕ್ಕೆ ಮುಂಚೆ ಅವರು ಹತ್ತು ಜನರಾದರು, ಆಮೇಲೆ ಚೆಟ್ರಿ ಪೆನಾಲ್ಟಿ, ಎರಡೇ ನಿಮಿಷದಲ್ಲಿ ಮಿಕು, ಕೊನೆಯಲ್ಲಿ ಮತ್ತೆ ಚೆಟ್ರಿ. ಕೋಚ್ ಆಲ್ಬರ್ಟ್ ರೋಕಾ ಅವರೇ, ಮಾರ್ಚ್‌ನ ಆ ರಾತ್ರಿಯ ನಂತರ ಡ್ರೆಸಿಂಗ್ ರೂಮಿನಲ್ಲಿ ಹುಡುಗರಿಗೆ ಏನು ಹೇಳಿದಿರೋ ನಮಗೆ ಗೊತ್ತಿಲ್ಲ. ಏನೇ ಹೇಳಿರಲಿ, ಅದು ಕೆಲಸ ಮಾಡಿದೆ.

ಈಸ್ಟ್ ಬೆಂಗಾಲ್ ಅಭಿಮಾನಿಗಳಿಗೂ ಒಂದು ಮಾತು. ಕೋಲ್ಕತ್ತಾದಿಂದ ರೈಲು ಹತ್ತಿ ಬಂದವರು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದರು. ಪಂದ್ಯ ಮುಗಿದ ಮೇಲೆ ಗೇಟಿನ ಹೊರಗೆ ಒಬ್ಬ ದಾದಾ ತಮ್ಮ ಕೆಂಪು-ಹಳದಿ ಶಾಲು ಬಿಚ್ಚಿ ನನ್ನ ಕೈಗೆ ಕೊಟ್ಟು, ನನ್ನ ನೀಲಿ ಶಾಲು ಇಸಿದುಕೊಂಡು ಹೋದರು. ಸೋತ ದಿನ ಹಾಗೆ ಮಾಡುವುದಕ್ಕೆ ದೊಡ್ಡ ಮನಸ್ಸು ಬೇಕು, ಮಾರ್ಚ್ 17ರಂದು ನನ್ನಿಂದ ಆಗುತ್ತಿರಲಿಲ್ಲ.

ಇನ್ನು ಒಡಿಶಾ. ಹೋದ ವರ್ಷ, ಅಂದರೆ 2017ರಲ್ಲಿ, ಕಟಕ್‌ನಲ್ಲಿ ನಮ್ಮ ವಿನೀತ್ ಎರಡು ಗೋಲು ಹೊಡೆದು ಮೋಹನ್ ಬಾಗಾನ್ ವಿರುದ್ಧ ಕೊನೆಯ ಫೆಡರೇಷನ್ ಕಪ್ ಗೆಲ್ಲಿಸಿದರು, ಈ ವರ್ಷ ಪಕ್ಕದ ಭುವನೇಶ್ವರದಲ್ಲಿ ಇದು. ನಮಗೆ ಆ ರಾಜ್ಯದ ಋಣ ದೊಡ್ಡದಿದೆ. ಸ್ಟೇಡಿಯಂ ಹತ್ತಿರ ವಡೆ-ಘುಗುನಿ ಮಾರುವ ಮೌಸಿ, ನಮ್ಮ ಮುರುಕು ಹಿಂದಿಗೆ ನಕ್ಕು ಎರಡು ವಡೆ ಜಾಸ್ತಿ ಹಾಕಿದಿರಲ್ಲ, ಅದನ್ನೂ ಲೆಕ್ಕದಲ್ಲಿ ಬರೆದುಕೊಂಡಿದ್ದೇವೆ.

ಫೆಡರೇಷನ್ ಕಪ್ ಅಂದೆನಲ್ಲ, ಈಗಿನ ಹುಡುಗರಿಗೆ ಒಂದು ವಿಷಯ ಹೇಳಲೇಬೇಕು. ಆ ಟೂರ್ನಿ ಶುರುವಾಗಿದ್ದು 1977ರಲ್ಲಿ, ಎರ್ನಾಕುಲಂನಲ್ಲಿ. ಮೊದಲ ಸಲ ಅದನ್ನು ಗೆದ್ದವರು ಯಾರು? ನಮ್ಮ ದೂರವಾಣಿನಗರದ ಐಟಿಐ! ಟೆಲಿಫೋನ್ ಮಾಡುವ ಕಾರ್ಖಾನೆಯ ತಂಡ, ಫೈನಲ್ಲಿನಲ್ಲಿ ಮೋಹನ್ ಬಾಗಾನ್ ವಿರುದ್ಧ 1-0 ಗೆಲುವು. ಅದೇ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆಯ ಕಾಸ್ಮಾಸ್ ತಂಡದ ಜೊತೆ 2-2 ಡ್ರಾ ಮಾಡಿಕೊಂಡ ಬಾಗಾನ್ ಅದು. ಆ ಕಪ್ಪಿನ ಮೊದಲ ಹೆಸರೂ ಬೆಂಗಳೂರು, ಕೊನೆಯ ಹೆಸರೂ ಬೆಂಗಳೂರು, ಈಗ ಅದರ ಜಾಗಕ್ಕೆ ಬಂದ ಕಪ್ಪಿನ ಮೊದಲ ಹೆಸರೂ ಬೆಂಗಳೂರು. ಐಟಿಐನಿಂದ ರಿಟೈರ್ ಆದ ಹಿರಿಯರೊಬ್ಬರು ಫೈನಲ್ ಮುಗಿದ ತಕ್ಷಣ ನನಗೆ ಫೋನ್ ಮಾಡಿ, "ನಮ್ಮ ಕಾಲದಲ್ಲಿ ಟಿವಿ ಇರಲಿಲ್ಲ ಕಣಪ್ಪಾ, ಗೆದ್ದದ್ದನ್ನ ಪೇಪರಲ್ಲಿ ಓದಿದ್ವಿ, ಇವತ್ತು ಕಣ್ಣಾರೆ ನೋಡಿದೆ" ಅಂದರು. ಸಾರ್, ನಿಮ್ಮ ತಂಡಕ್ಕೆ ಆಗ ಯಾರೂ ಹೀಗೆ ಬರೆದು ಥ್ಯಾಂಕ್ಸ್ ಹೇಳಿರಲಿಕ್ಕಿಲ್ಲ. ಈಗ ಹೇಳುತ್ತಿದ್ದೇನೆ.

ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಗೆಳೆಯರಿಗೆ ಬೇರೆ ಹೇಳಬೇಕಾ? ಟಿಕೆಟ್ ಬುಕ್ ಮಾಡಿದವರು, ರೈಲಿನಲ್ಲಿ ಚಿತ್ರಾನ್ನ ಹಂಚಿದವರು, ರಜೆ ಸಿಗದೆ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮೂಲೆಯಲ್ಲಿ ಪಂದ್ಯ ಹಾಕಿಕೊಂಡು ಮೀಟಿಂಗ್‌ನಲ್ಲಿ ಕೂತವರು, ಎಲ್ಲರಿಗೂ ಥ್ಯಾಂಕ್ಸ್. ಎಎಫ್‌ಸಿ ಕಪ್ ಪಂದ್ಯಗಳು ಇನ್ನೂ ಬಾಕಿ ಇವೆ, ಅದಕ್ಕೂ ಹೀಗೇ ಬನ್ನಿ. ಹಾಗೇ ಆ ಡ್ರಮ್ ಯಾರ ಹತ್ತಿರ ಇದೆಯೋ, ಅದರ ಒಂದು ಬದಿಯ ಚರ್ಮ ಹರಿದಿದೆ. ಮುಂದಿನ ಪಂದ್ಯದೊಳಗೆ ರಿಪೇರಿ ಮಾಡಿಸಿ, ದುಡ್ಡು ನಾನು ಕೊಡುತ್ತೇನೆ.