ನಮ್ಮ ಶಾಲೆಯ ಕೆಲಸಕ್ಕೆ ಜೊತೆಯಾದವರಿಗೆ

ಸ್ವರ್ಣಾ ನದಿಯ ದಡದ ನಮ್ಮ ಕನ್ನಡ ಶಾಲೆಯ ಹಳೆಯ ಹೆಂಚಿನ ಕಟ್ಟಡದ ದುರಸ್ತಿ ಮುಗಿದು, ಸೋಮವಾರದಿಂದ ಅಲ್ಲಿ ಮತ್ತೆ ತರಗತಿಗಳು ನಡೆಯುತ್ತಿವೆ. ಹಣ ಕೊಟ್ಟ ಹಳೆ ವಿದ್ಯಾರ್ಥಿಗಳಿಗೆ, ಮಾಡಿನ ಮರಗೆಲಸವನ್ನು ಮಳೆಗೆ ಮುನ್ನ ಪೂರೈಸಿದ ಆಚಾರಿಗಳಿಗೆ, ಶ್ರಮದಾನಕ್ಕೆ ಬಂದ ಯುವಕ ಮಂಡಲದವರಿಗೆ, ಅವರಿಗೆಲ್ಲ ಗಂಜಿ ಚಟ್ನಿ ಒದಗಿಸಿದ ತಾಯಂದಿರಿಗೆ ಹೃತ್ಪೂರ್ವಕ ವಂದನೆಗಳು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಎಲ್ಲಿಗೆ ಮುಟ್ಟಿತ್ತೆಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ಆದರೆ ಮಕ್ಕಳಿಗೆ ನಾಟಕ ಕಲಿಸಲು ಬರುವ ಅಕ್ಕನ ಬಗ್ಗೆ ಹೇಳಲೇಬೇಕು. ಮಳೆಗಾಲದ ಆಟಿ ತಿಂಗಳ ಆ ರಾತ್ರಿ ಎರಡೂ ಸಮಿತಿಯವರು ಸಭೆ ಬಿಟ್ಟು ಎದ್ದಾಗ, ಮಳೆ ಬಿರುಸಾಗಿ ಜಗಲಿಯಲ್ಲೇ ನಿಂತವರನ್ನು ಅವರು ಮತ್ತೆ ಒಳಗೆ ಕರೆದರು. ಅಡಿಕೆ ಹಾಳೆ, ಆವೆಮಣ್ಣು, ಒಡೆದ ಹೆಂಚಿನ ಚೂರುಗಳನ್ನು ನೆಲದಲ್ಲಿ ಹರಡಿ, ಒಂದೂ ಮಾತಾಡದೆ ಎಲ್ಲರೂ ಸೇರಿ ತಮಗೆ ಬೇಕಾದ ಶಾಲೆಯನ್ನು ಕಟ್ಟಬೇಕೆಂದರು; ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತೆಗೆಯುವಂತಿಲ್ಲ, ಅದಕ್ಕೆ ಸೇರಿಸಬಹುದು ಎಂಬುದಷ್ಟೇ ನಿಯಮ. ಕೆಡವಲೇಬೇಕೆಂದು ಪಟ್ಟು ಹಿಡಿದಿದ್ದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕೊನೆಗೆ ಹಾಳೆಯ ತುಂಡೊಂದನ್ನು ಮೆಟ್ಟಿಲ ಮೇಲೆ ಇಳಿಜಾರಾಗಿ ಇಟ್ಟರು. ಗಾಲಿಕುರ್ಚಿಯಲ್ಲಿ ಓಡಾಡುವ ಮೊಮ್ಮಗಳ ಚಿಂತೆ ಅವರ ಹಟದ ಹಿಂದಿತ್ತೆಂದು ನಮಗೆ ತಿಳಿದದ್ದು ಆಗಲೇ.

ಎಲ್ಲರೂ ಹೋದ ಮೇಲೆ ನಾನು ಕುಸಿದು ಕುಳಿತು ಅತ್ತೆ. ಊರಿನವರ ಅಷ್ಟೊಂದು ಸಿಟ್ಟನ್ನು ಹೊರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅಕ್ಕ ಮಣ್ಣಿನ ಶಾಲೆಯನ್ನು ಸೋರದ ಮೂಲೆಗೆ ಸರಿಸಿ, ಬೆಳಗಿನ ಮೊದಲ ಬಸ್ಸು ಬರುವವರೆಗೂ ನನ್ನ ಬಳಿಯೇ ಇದ್ದರು.

ಮುಂದಿನ ಸಭೆಗಳಿಗೆ ಅವರು ವೇಷ ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆಯ ಕ್ರಮವನ್ನು ತಂದರು. ಪದ್ಯ ಮಾತ್ರ ಮೊದಲೇ ಇದ್ದು, ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕುಳಿತಲ್ಲೇ ಕಟ್ಟುವ ಆ ಕಲೆಯಲ್ಲಿ, ಎದುರಿನ ಅರ್ಥಧಾರಿಯ ಮಾತನ್ನು ಪೂರ್ತಿ ಕೇಳದವರಿಗೆ ಉತ್ತರವೇ ಹುಟ್ಟುವುದಿಲ್ಲ. ಉಳಿಸಬೇಕೆಂದವರನ್ನು ಕೆಡವುವ ಪಕ್ಷಕ್ಕೂ, ಕೆಡವಬೇಕೆಂದವರನ್ನು ಉಳಿಸುವ ಪಕ್ಷಕ್ಕೂ ಅರ್ಥ ಹೇಳಲು ಕೂರಿಸಿದರು. ಬ್ರೆಜಿಲಿನ ರಂಗಕರ್ಮಿ ಅಗಸ್ಟೋ ಬೋಲ್ 1970ರ ದಶಕದಲ್ಲಿ ರೂಪಿಸಿದ, ಪ್ರೇಕ್ಷಕರೇ ರಂಗಕ್ಕೆ ಬಂದು ಪಾತ್ರದ ಬಿಕ್ಕಟ್ಟಿಗೆ ದಾರಿ ಹುಡುಕುವ ಪದ್ಧತಿಯನ್ನೂ ಅಕ್ಕ ಬಲ್ಲವರು. ಆದರೂ ನಮ್ಮೂರಿನ ಹಿರಿಯರ ನಾಲಿಗೆಗೆ ತಾಳಮದ್ದಳೆಯೇ ಹತ್ತಿರವೆಂದು ಅವರು ಅರಿತಿದ್ದರು. ಇಳಿಜಾರು, ಹೊಸ ಶೌಚಾಲಯ, ಹಳೆಯ ಮಾಡು ಈ ಮೂರಕ್ಕೂ ಒಪ್ಪಿಗೆ ಸಿಕ್ಕಿದ್ದು ಅಲ್ಲಿಯೇ.

ಗೋಡೆಗಳ ಮೇಲೆ ಯಾವ ಚಿತ್ರ ಬರೆಸಬೇಕೆಂದು ನಿರ್ಧರಿಸಲು ಎರಡೂ ಸಮಿತಿಗಳು ಮುಂದಿನ ಭಾನುವಾರ ಒಟ್ಟಿಗೆ ಸೇರುತ್ತಿವೆ. ಅಕ್ಕಾ, ಅಂದು ನೀವೂ ಬರಬೇಕೆಂದು ಎಲ್ಲರ ಪರವಾಗಿ ಕೇಳಿಕೊಳ್ಳುತ್ತೇನೆ.